ರಹಿಮಾ ಬೀ ಬರೆದ ಕೆರೆ

ಗುಬ್ಬಿಯ ಸೈಫುಲ್ಲಾ ಸಾಹೇಬರ ಹೆಂಡತಿ ರಹಿಮಾ ಬೀ ಅರವತ್ತರ ಹೊಸ್ತಿಲಲ್ಲಿ ಚಿತ್ರ ಬರೆಯುವ ಹುಚ್ಚಿಗೆ ಬಿದ್ದದ್ದು ಯಾರ ತಪ್ಪು ಎಂಬುದು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸಾಹೇಬರು ಕಣ್ಣಿನ ಡಾಕ್ಟರದ್ದು ಅನ್ನುತ್ತಾರೆ. ಮಗ ಅಫ್ತಾಬ್, ತುಮಕೂರಿನ ಕೌಸಲ್ಯಮ್ಮನವರದ್ದು ಅನ್ನುತ್ತಾನೆ. ಸೊಸೆ ನಿಶಾತ್ ಮಾತ್ರ, ಅತ್ತೆಗೆ ಇದು ಹುಟ್ಟಿದಾಗಿನಿಂದ ಇತ್ತು, ಹೊರಗೆ ಬರಲು ದಾರಿ ಸಿಕ್ಕಿರಲಿಲ್ಲ ಅಷ್ಟೆ ಅನ್ನುತ್ತಾಳೆ. ನಿಶಾತ್ ಹೇಳುವುದೇ ಸರಿ. ಬಾಗಿಲಿಗೊಂದು ಪರದೆ ತರಲು ಹೋದರೆ ಅರ್ಧ ಅಂಗಡಿಯನ್ನು ಕೆಳಗಿಳಿಸಿ, ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿ, ಇದಲ್ಲ ನಾನು ಅಂದುಕೊಂಡ ಹಸಿರು ಎಂದು ಬರಿಗೈಯಲ್ಲಿ ಬರುತ್ತಿದ್ದ ಹೆಂಗಸು ಅವರು. ಗುಬ್ಬಿಯ ಬಟ್ಟೆ ಅಂಗಡಿಯವರು ಅವರನ್ನು ದೂರದಲ್ಲಿ ಕಂಡರೇ ಊಟಕ್ಕೆ ಎದ್ದುಬಿಡುತ್ತಿದ್ದರಂತೆ.

ಅವರದು ಕೊಬ್ಬರಿ ಎಣ್ಣೆಯ ಮನೆ. ನಿಟ್ಟೂರಿಗೆ ಹೋಗುವ ರಸ್ತೆಯಲ್ಲಿ ಗಿರಣಿ, ಗಿರಣಿಯ ಹಿಂದೆಯೇ ಮನೆ. ಒಗೆದ ಬಟ್ಟೆಗೂ, ಹಾಸಿಗೆಗೂ, ಮಕ್ಕಳ ಶಾಲೆ ಪುಸ್ತಕಕ್ಕೂ ಕೊಬ್ಬರಿಯ ವಾಸನೆ. ಗಿರಣಿ ಓಡಿಸುವ ಕೆಲಸವನ್ನು ಈಗ ಅಫ್ತಾಬ್ ನೋಡಿಕೊಳ್ಳುತ್ತಾನಾದರೂ ಎಣ್ಣೆ ಪಾಸು ಮಾಡುವ ಅಧಿಕಾರವನ್ನು ಸಾಹೇಬರು ಬಿಟ್ಟುಕೊಟ್ಟಿಲ್ಲ. ಗಾಜಿನ ಲೋಟದಲ್ಲಿ ಎಣ್ಣೆ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಇದು ಹೋಗಲಿ, ಇದು ಬೇಡ ಅನ್ನುವುದು ಅವರೇ. ಮನೆಯಲ್ಲಿ ಆಡುವ ಮಾತು ಉರ್ದು, ಜಗಳ ಮಾತ್ರ ಕನ್ನಡದಲ್ಲಿ. ಗಿರಾಕಿಗಳ ಜೊತೆ ಕೂಗಾಡಿ ಕೂಗಾಡಿ ಸಾಹೇಬರಿಗೆ ಸಿಟ್ಟು ಕನ್ನಡದಲ್ಲೇ ಬರುತ್ತದೆ, ಉತ್ತರ ಕೊಡಬೇಕಾದ ರಹಿಮಾ ಬೀಗೂ ಅದೇ ಅಭ್ಯಾಸವಾಗಿದೆ. ಆದ್ದರಿಂದ ಈ ಕಥೆಯ ಮುಖ್ಯವಾದ ಮಾತುಗಳೆಲ್ಲ ಕನ್ನಡದವೇ.

ಹೋದ ವರ್ಷ ಮಳೆಗಾಲದ ಹೊತ್ತಿಗೆ ರಹಿಮಾ ಬೀಯ ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಅದನ್ನೆಲ್ಲ ಹೇಗೋ ಸಂಭಾಳಿಸಿಕೊಂಡು ಬಂದವರು, ಒಂದು ಸಂಜೆ ಪಕ್ಕದ ಮನೆಯ ಮೇಕೆಯನ್ನು ತಮ್ಮದೆಂದು ಎಳೆದು ತಂದು ಕಟ್ಟಿಹಾಕಿದರು. ಪಕ್ಕದ ಮನೆಯವರು ಬಂದು ರಂಪ ಮಾಡಿ ಹೋದ ಮೇಲೆ ಅಫ್ತಾಬ್ ಇನ್ನು ತಡ ಮಾಡುವುದು ಬೇಡವೆಂದು ತಾಯಿಯನ್ನು ತುಮಕೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದ.

ಒಂದು ಕಣ್ಣಿನ ಆಪರೇಷನ್ ಆದ ಮರುದಿನ ಬೆಳಿಗ್ಗೆ ಪಟ್ಟಿ ತೆಗೆದಾಗ ರಹಿಮಾ ಬೀ ಮೊದಲು ಕೇಳಿದ್ದು, ಕಿಟಕಿಯ ಪರದೆ ಬದಲಾಯಿಸಿದ್ದು ಯಾವಾಗ ಎಂದು. ನರ್ಸ್ ಅದೇ ಪರದೆ ಅಂದಳು. ನಿನ್ನೆ ಬೂದಿ ಬಣ್ಣ ಇತ್ತಲ್ಲ ಎಂದು ಇವರು ಪಟ್ಟು ಹಿಡಿದರು. ಆಮೇಲೆ ಕಿಟಕಿಯ ಆಚೆ ಆಕಾಶ ಕಂಡಿತು, ಎದುರು ಮನೆಯ ಮಹಡಿಯ ಮೇಲಿನ ನೀರಿನ ಟ್ಯಾಂಕು ಕಂಡಿತು, ಎಲ್ಲವೂ ನೀಲಿ. ಪೊರೆ ಬಲಿಯುತ್ತಾ ಕಣ್ಣಿಗೆ ಹಳದಿ ಗಾಜು ಹಿಡಿದ ಹಾಗಾಗಿ ಮೊದಲು ಹೋಗುವುದೇ ನೀಲಿ, ನಿಧಾನವಾಗಿ ಹೋಗುವುದರಿಂದ ಹೋದದ್ದು ಯಾರಿಗೂ ತಿಳಿಯುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ರಹಿಮಾ ಬೀ ಅತ್ತುಬಿಟ್ಟರು. ಅಳಬೇಡಿ, ಹಾಕಿದ ಡ್ರಾಪ್ಸ್ ಎಲ್ಲ ಹರಿದುಹೋಗುತ್ತೆ ಎಂದು ನರ್ಸ್ ಗದರಿಸಿದಳು.

ಪಕ್ಕದ ಮಂಚದಲ್ಲಿ ಅದೇ ಆಪರೇಷನ್ ಮಾಡಿಸಿಕೊಂಡು ಕೂತಿದ್ದವರು ತುಮಕೂರಿನದೇ ಸದಾಶಿವನಗರ ಬಡಾವಣೆಯ ಕೌಸಲ್ಯಮ್ಮ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿ ರಿಟೈರ್ ಆದವರು. ಅವರು ಕಪ್ಪು ಕನ್ನಡಕದ ಹಿಂದೆ ನಗುತ್ತಾ, "ನಂಗೂ ಹಾಗೇ ಕಾಣ್ತಿದೆ ಕಣ್ರೀ. ಮನೇಗೆ ಹೋಗಿ ನಾನು ಬರೆದಿರೋ ಚಿತ್ರ ಎಲ್ಲ ನೋಡ್ಬೇಕು, ಐದಾರು ವರ್ಷದಿಂದ ಏನೇನ್ ಬಳಿದಿದೀನೋ ದೇವರೇ ಬಲ್ಲ" ಅಂದರು. ಕಣ್ಣಾಸ್ಪತ್ರೆಯಲ್ಲಿ ಒಂದೇ ಕಣ್ಣಿನಲ್ಲಿ ಶುರುವಾದ ಸ್ನೇಹ ಗಟ್ಟಿಯಾಗಿ ನಿಂತಿತು. ಎರಡನೇ ಕಣ್ಣಿಗೂ ಇಬ್ಬರೂ ಜೊತೆಗೇ ಹೋದರು.

ಆಮೇಲೆ ಒಂದು ಗುರುವಾರ ರಹಿಮಾ ಬೀ ಒಂದು ಕ್ಯಾನ್ ಎಣ್ಣೆ ಹಿಡಿದುಕೊಂಡು ಕೌಸಲ್ಯಮ್ಮನ ಮನೆಗೆ ಹೋದರು. ಕೊಟ್ಟು, ಕಾಫಿ ಕುಡಿದು, ಮಧ್ಯಾಹ್ನದ ಬಸ್ಸಿಗೆ ವಾಪಸಾಗುವ ಲೆಕ್ಕ. ಕೌಸಲ್ಯಮ್ಮ ಕ್ಯಾನ್ವಾಸಿನ ಮುಂದೆ ಕೂತಿದ್ದರು. ಇದನ್ನು ಸ್ವಲ್ಪ ಹಿಡ್ಕೊಳ್ಳಿ, ಹಾಲು ಉಕ್ಕುತ್ತಿದೆ ಎಂದು ಬ್ರಷ್ಷನ್ನು ಇವರ ಕೈಗೆ ಕೊಟ್ಟು ಒಳಗೆ ಓಡಿದರು. ಬ್ರಷ್ಷಿನ ತುದಿಯಲ್ಲಿ ನೀಲಿ ಇತ್ತು. ಸುಮ್ಮನೆ ಹಿಡಿದು ಕೂರುವ ಜಾಯಮಾನ ರಹಿಮಾ ಬೀದಲ್ಲ, ಪಕ್ಕದಲ್ಲಿದ್ದ ರಟ್ಟಿನ ಮೇಲೆ ಒಂದು ಗೀಟು ಎಳೆದರು. ಬೆಣ್ಣೆಯ ಹಾಗೆ ಹೋಯಿತು. ಇನ್ನೊಂದು ಎಳೆದರು. ಮಧ್ಯಾಹ್ನದ ಬಸ್ಸು ಹೋಯಿತು, ಸಂಜೆಯ ಬಸ್ಸೂ ಹೋಯಿತು, ಅಫ್ತಾಬ್ ಕಾರು ತಂದು ಕರೆದುಕೊಂಡು ಹೋಗಬೇಕಾಯಿತು. ಅಲ್ಲಿಂದ ಗುರುವಾರಗಳೆಲ್ಲ ಸದಾಶಿವನಗರಕ್ಕೆ ಮೀಸಲಾದವು.

ಮನುಷ್ಯರ ಮುಖ ಬರೆಯುವುದಿಲ್ಲ ಎಂದು ಅವರೇ ತೀರ್ಮಾನ ಮಾಡಿಕೊಂಡಿದ್ದರು. ಮನೆತನದಲ್ಲಿ ಅದು ರೂಢಿಯಿಲ್ಲ. ಸಾಹೇಬರ ಒಂದು ಚಿತ್ರ ಬರೆಯಿರಿ ಎಂದು ನಿಶಾತ್ ರೇಗಿಸಿದರೆ, ಆ ಮೂಗಿಗೆ ಈ ಕ್ಯಾನ್ವಾಸ್ ಸಾಲದು ಎಂದು ತಪ್ಪಿಸಿಕೊಳ್ಳುತ್ತಿದ್ದರು. ಕುಣಿಗಲ್ ರಸ್ತೆಯ ಹುಣಸೆಮರ, ಅಂಗಳದಲ್ಲಿ ಹರವಿದ ಕೊಬ್ಬರಿ, ನಿಟ್ಟೂರು ಸ್ಟೇಷನ್ನಿನ ಬೆಂಚು, ಇಂಥವು ಅವರ ವಸ್ತುಗಳು. ಆದರೆ ತಿರುಗಿ ತಿರುಗಿ ಬರೆದದ್ದು ಕಡಬದ ಕೆರೆಯನ್ನು. ಕಡಬ ಅವರ ತವರು. ಆ ಕೆರೆಯ ಏರಿಯ ಮೇಲೆ ಓಡಾಡಿ ಬೆಳೆದವರು, ಅದು ಎಂಥ ನೀಲಿ ಎಂಬುದು ಹೊಸ ಕಣ್ಣು ಬಂದ ಮೇಲೆ ಮತ್ತೆ ನೆನಪಾಗಿತ್ತು. ಹಾಗೆ ತಿರುಗಿ ತಿರುಗಿ ಬರೆಯಲು ಇನ್ನೊಂದು ಕಾರಣವೂ ಇತ್ತು, ಅದು ಸಂತೋಷದ್ದಲ್ಲ.

ಎರಡನೇ ಕಣ್ಣು ವಾಸಿಯಾದ ವಾರದಲ್ಲಿ ಅವರು ಗಂಡನನ್ನು ಬಲವಂತ ಮಾಡಿ ಕಡಬಕ್ಕೆ ಕರೆದುಕೊಂಡು ಹೋಗಿದ್ದರು. ಏರಿಯ ಮೇಲೆ ನಿಲ್ಲಿಸಿ, ನೋಡಿ ಎಷ್ಟು ನೀಲಿ ಎಂದು ತೋರಿಸಿದರು. ಸಾಹೇಬರು ಕನ್ನಡಕವನ್ನು ಮೇಲೆ ಕೆಳಗೆ ಮಾಡಿ, "ಎಲ್ಲಿ ನೀಲಿ? ಮೋಡ ಮುಚ್ಕೊಂಡಿದೆ, ನೀರೆಲ್ಲ ಕೆಸರು" ಅಂದರು. ಅವತ್ತು ಆಕಾಶದಲ್ಲಿ ಅಂಗೈಯಷ್ಟು ಮೋಡವೂ ಇರಲಿಲ್ಲ. ರಹಿಮಾ ಬೀ ಆಗಲೇ ಗಂಡನನ್ನು ಮನೆಗೆ ಹೊರಡಿಸಿದರು.

ಮನೆಗೆ ಬಂದು ಬೆಳಕಿನಲ್ಲಿ ಗಂಡನ ಕಣ್ಣನ್ನು ನೋಡಿದರು. ಕಪ್ಪುಗುಡ್ಡೆಯ ನಡುವೆ ಮಜ್ಜಿಗೆಯ ತಿಳಿ ಬಿದ್ದ ಹಾಗಿತ್ತು. ಗಿರಣಿಯಲ್ಲಿ ಒಳ್ಳೆಯ ಎಣ್ಣೆಯನ್ನೂ ಹಳದಿ ತಿರುಗಿದೆ ಎಂದು ಸಾಹೇಬರು ವಾಪಸು ಕಳಿಸುವುದು, ಅಫ್ತಾಬ್ ಬಾಯಿ ಬಿಡದೆ ಅದನ್ನೇ ಬೇರೆ ಡಬ್ಬಿಗೆ ತುಂಬುವುದು, ಎಲ್ಲಕ್ಕೂ ಆಗ ಅರ್ಥ ಸಿಕ್ಕಿತು. ಆಪರೇಷನ್ ಮಾಡಿಸಿಕೊಳ್ಳಿ ಅಂದರೆ ಸಾಹೇಬರದು ಒಂದೇ ಉತ್ತರ, ಟೈಮ್ ಇಲ್ಲ. ನಿಜವಾದ ಉತ್ತರ ಕುಣಿಗಲ್‌ನಲ್ಲಿತ್ತು. ಅಲ್ಲಿದ್ದ ಅವರ ಅಣ್ಣ ಬಹಳ ಹಿಂದೆ, ಎಲ್ಲೋ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸಿಕೊಂಡು ಒಂದು ಕಣ್ಣು ಕಳೆದುಕೊಂಡಿದ್ದರು. ಅಣ್ಣ ಈಗ ಇಲ್ಲ, ಆದರೆ ಆ ಕಣ್ಣಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ. ಡಾಕ್ಟರು ಮಾತ್ರ ಅಫ್ತಾಬನಿಗೆ ಸ್ಪಷ್ಟವಾಗಿ ಹೇಳಿದ್ದರು, ಪೊರೆ ತೀರಾ ಗಟ್ಟಿಯಾದರೆ ತೆಗೆಯುವುದು ಕಷ್ಟ ಎಂದು.

ಬಾಯಲ್ಲಿ ಹೇಳಿದರೆ ಜಗಳವಾಗುತ್ತದೆ, ಬರೆದು ತೋರಿಸೋಣ ಎಂದು ರಹಿಮಾ ಬೀ ಕೆರೆಯನ್ನು ಬರೆದರು. ಟ್ಯೂಬಿನಲ್ಲಿದ್ದ ನೀಲಿಯನ್ನೆಲ್ಲ ಸುರಿದು ಬರೆದರು. ಸಾಹೇಬರು ನೋಡಿ, ಮಣ್ಣಿನ ಬಣ್ಣ ಚೆನ್ನಾಗಿ ಬಂದಿದೆ ಎಂದು ಮೆಚ್ಚಿಕೊಂಡರು. ಇದು ನೀಲಿ ಅಂದರೆ, ನೀನು ಹೊಸದಾಗಿ ಕಲಿತಿರುವವಳು, ತಪ್ಪಾಗುತ್ತದೆ, ಬೇಜಾರು ಮಾಡ್ಕೋಬೇಡ ಎಂದು ಸಮಾಧಾನ ಬೇರೆ ಹೇಳಿದರು.

ಅಷ್ಟರಲ್ಲಿ ಚಳಿ ಶುರುವಾಯಿತು. ಕೌಸಲ್ಯಮ್ಮ ಮಗಳ ಬಾಣಂತನಕ್ಕೆಂದು ಶಿವಮೊಗ್ಗಕ್ಕೆ ಹೋದರು. ಹೋಗುವಾಗ ಒಂದು ಡಬ್ಬಿ ಬಣ್ಣ, ಹಳೆಯ ಕ್ಯಾನ್ವಾಸುಗಳು, ಒಂದು ಸಣ್ಣ ಬಾಟಲಿ ಅಗಸೆ ಎಣ್ಣೆ ಕೊಟ್ಟು, ಬಣ್ಣ ಗಟ್ಟಿಯಾದರೆ ಇದರ ಒಂದೆರಡು ಹನಿ ಬೆರೆಸಿಕೊಳ್ಳಿ ಎಂದು ಹೇಳಿದ್ದರು. ರಹಿಮಾ ಬೀ ಆ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿ ಮುಖ ಸಿಂಡರಿಸಿಕೊಂಡರು. ಎಣ್ಣೆಯ ಮನೆಯ ಹೆಂಗಸು ಅವರು, ಕಂಪು ನೋಡಿಯೇ ಎಣ್ಣೆಗೆ ಮರ್ಯಾದೆ ಕೊಡುವವರು. ಇಷ್ಟು ಒಳ್ಳೆಯ ಬಣ್ಣಕ್ಕೆ ಇಂಥ ಹಳಸಲು ಎಣ್ಣೆ ಯಾಕೆ? ಗಿರಣಿಯಿಂದ ಆಗಷ್ಟೇ ಇಳಿದ ಕೊಬ್ಬರಿ ಎಣ್ಣೆಯನ್ನು ಬಟ್ಟಲಲ್ಲಿ ತರಿಸಿಕೊಂಡು, ಒಂದೆರಡು ಹನಿಯಲ್ಲ, ಧಾರಾಳವಾಗಿ ಬೆರೆಸಿದರು. ಬ್ರಷ್ಷು ಎಷ್ಟು ನುಣುಪಾಗಿ ಓಡಿತೆಂದರೆ, ಪಾಪ, ಕೌಸಲ್ಯಮ್ಮನಿಗೆ ಇದು ಗೊತ್ತಿಲ್ಲವಲ್ಲ ಎಂದು ಕನಿಕರವಾಯಿತು.

ಚಿತ್ರ ಬರೆಯುವ ಕೋಣೆ ಕೊಬ್ಬರಿ ಮಿಠಾಯಿಯಂತೆ ಘಮ್ಮೆಂದಿತು. ಒಂದೆರಡು ಇರುವೆಗಳು ಆಸೆಪಟ್ಟು ಬಂದು ಕಡಬದ ಕೆರೆಯಲ್ಲಿ ಮುಳುಗಿದವು. ಅದೊಂದು ಬಿಟ್ಟರೆ ಎಲ್ಲವೂ ಸರಿಯಾಗಿಯೇ ಇತ್ತು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಮೇಣದ ಹಾಗೆ ಹೆಪ್ಪುಗಟ್ಟುವುದು, ತಲೆಗೆ ಹಚ್ಚುವ ಮುಂಚೆ ಅದನ್ನು ಬಿಸಿಲಿಗೆ ಇಡುವುದು ತುಮಕೂರು ಸೀಮೆಯ ಪ್ರತಿ ಮನೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಎಣ್ಣೆ ಮಾರಿಯೇ ಮಕ್ಕಳನ್ನು ಓದಿಸಿದ ರಹಿಮಾ ಬೀಗೆ ಅದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಬೆಳಿಗ್ಗೆ ಎದ್ದು ಚಿತ್ರವನ್ನು ಮುಟ್ಟಿ ನೋಡಿದಾಗ ಅದು ಗಟ್ಟಿಯಾಗಿರುವುದು ಕಂಡರೆ, ಒಣಗಿದೆ ಎಂದು ಕುಣಿಯುವಷ್ಟು ಖುಷಿಯಾಗುತ್ತಿತ್ತು. ಆ ಖುಷಿಯಲ್ಲಿ ಬುದ್ಧಿ ಎಲ್ಲಿ ಓಡಬೇಕು? ಒಣಗಿದ್ದನ್ನೆಲ್ಲ ಕೊಬ್ಬರಿ ತುಂಬುವ ತಂಪು ಉಗ್ರಾಣದಲ್ಲಿ ಜೋಡಿಸಿಡುತ್ತಾ ಹೋದರು.

ಕೌಸಲ್ಯಮ್ಮ ವಾಪಸು ಬಂದು ಗುಬ್ಬಿಗೆ ಬಂದಾಗಲೂ ಚಳಿ ಪೂರ್ತಿ ಬಿಟ್ಟಿರಲಿಲ್ಲ. ಬೆಳಗಿನ ಹೊತ್ತು ಉಗ್ರಾಣದಲ್ಲಿ ನಿಂತು ಅವರು ಒಂದೊಂದೇ ಚಿತ್ರವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಮುಟ್ಟಿ ನೋಡಿದರು, ಗಟ್ಟಿಯಾಗಿತ್ತು. ಕೊಬ್ಬರಿಯ ವಾಸನೆ ಬಂತು, ಆದರೆ ಆ ಮನೆಯಲ್ಲಿ ಕುಡಿಯುವ ನೀರಿಗೂ ಅದೇ ವಾಸನೆ. ಕೊನೆಗೆ, ಇವನ್ನು ನಾಲ್ಕು ಜನ ನೋಡಬೇಕು, ನಮ್ಮ ಬಡಾವಣೆಯ ಸಂಘದ ಹಾಲ್‌ನಲ್ಲಿ ಪ್ರದರ್ಶನ ಇಡೋಣ ಅಂದರು. ರಹಿಮಾ ಬೀ ನಾಚಿಕೆಯಿಂದ ಬೇಡವೇ ಬೇಡ ಎಂದು ಕೈ ಆಡಿಸಿದರು. ಆಮೇಲೆ ಕೈ ನಿಂತಿತು. ನಾಲ್ಕು ಜನ. ಮನೆಯವರು ನೀಲಿ ಅಂದರೆ ಸಾಹೇಬರು ನಂಬುವುದಿಲ್ಲ. ಗುರುತು ಪರಿಚಯವಿಲ್ಲದ ನಾಲ್ಕು ಜನ ಎದುರಿಗೆ ನಿಂತು ನೀಲಿ ಅಂದರೆ? ಆಗಲಿ ಎಂದು ಒಪ್ಪಿಕೊಂಡರು. ಪ್ರದರ್ಶನದ ಆಸೆ ಅವರಿಗೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಅದಕ್ಕಿಂತ ದೊಡ್ಡದು ಈ ಆಸೆ.

ಹೆಂಡತಿಯ ಪ್ರದರ್ಶನಕ್ಕೆ ಬರುತ್ತೇನೆ ಎಂದು ಸಾಹೇಬರಿಂದ ಮಾತು ತೆಗೆದುಕೊಳ್ಳುವುದು ಸುಲಭವಾಗಿರಲಿಲ್ಲ. ಒಂದು ಸಲ ಬರುತ್ತೇನೆ, ಒಂದೇ ಸಲ, ನಾಲ್ಕು ಗಂಟೆಗೆ ಬಂದು ಐದಕ್ಕೆ ಹೊರಡುತ್ತೇನೆ ಎಂದು ಕೊನೆಗೆ ಒಪ್ಪಿದರು. ರಂಜಾನ್, ಯುಗಾದಿ ಎರಡೂ ಮುಗಿದ ಮೇಲಿನ ಒಂದು ಭಾನುವಾರ ಗೊತ್ತಾಯಿತು. ಅಂದರೆ ಏಪ್ರಿಲ್ಲು. ತುಮಕೂರಿನ ಏಪ್ರಿಲ್ ಬಿಸಿಲು ಹೇಗಿರುತ್ತದೆಂದು ಅಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಚಿತ್ರಗಳನ್ನು ಗೂಡ್ಸ್ ಆಟೋದಲ್ಲಿ ನಿಲ್ಲಿಸಿ, ಅಲುಗಾಡದ ಹಾಗೆ ಕಟ್ಟಿ, ನಿಶಾತ್ ಮತ್ತು ರಹಿಮಾ ಬೀ ಹಿಂದೆ ಕಾರಿನಲ್ಲಿ ಹೊರಟರು. ಸದಾಶಿವನಗರ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಹಾಲಿನ ಮುಂದೆ ಮೊದಲ ಚಿತ್ರ ಇಳಿಸಿದ ನಿಶಾತ್ ಅತ್ತೆಗೆ ಕಾಣದ ಹಾಗೆ ಅದಕ್ಕೆ ಅಡ್ಡ ನಿಂತಳು. ಕಡಬದ ಕೆರೆ ಏರಿಯನ್ನು ದಾಟಿ ಕೆಳಗಿನ ಗದ್ದೆಗೆ ನುಗ್ಗಿತ್ತು. ತೆಂಗಿನ ಮರಗಳು ಬುಡ ಬಿಟ್ಟು ಜಾರಿದ್ದವು. ಹುಣಸೆಮರ ಕುಣಿಗಲ್ ರಸ್ತೆಯ ಮೇಲೆ ಅಡ್ಡ ಮಲಗಿತ್ತು. ಕೌಸಲ್ಯಮ್ಮ ಬಂದು ಬೆರಳಿನಿಂದ ಮುಟ್ಟಿದರು, ಬೆರಳು ನೀಲಿಯಾಯಿತು. ಮೂಸಿದರು.

"ರಹಿಮಾ ಬೀ, ನೀವು ಬೆರೆಸಿದ್ದು ಯಾವ ಎಣ್ಣೆ?"

"ನಮ್ಮ ಗಿರಣಿದೇ. ಪ್ಯೂರು," ಅಂದರು ರಹಿಮಾ ಬೀ.

ಕೌಸಲ್ಯಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಆಗಲಿಲ್ಲ. ಕಣ್ಣೀರು ಬರುವಷ್ಟು ನಕ್ಕು, ಆಮೇಲೆ ವಿವರಿಸಿದರು. ಅಗಸೆ ಎಣ್ಣೆ ಗಾಳಿಗೆ ತಾನೇ ಬಿಗಿದುಕೊಂಡು ಒಣಗುತ್ತದೆ. ಕೊಬ್ಬರಿ ಎಣ್ಣೆ ಈ ಜನ್ಮದಲ್ಲಿ ಒಣಗುವುದಿಲ್ಲ, ಚಳಿಗೆ ಹೆಪ್ಪುಗಟ್ಟುತ್ತದೆ, ಬಿಸಿಲಿಗೆ ಕರಗುತ್ತದೆ. ಮುಟ್ಟಿ ನೋಡಿದ ತನಗೂ ಬುದ್ಧಿ ಓಡಲಿಲ್ಲವಲ್ಲ ಎಂದು ತಮ್ಮನ್ನೂ ಸೇರಿಸಿಕೊಂಡು ಬೈದುಕೊಂಡರು. ರಹಿಮಾ ಬೀಗೆ ಅವಮಾನವಾಯಿತು. ಹೆಪ್ಪುಗಟ್ಟಿದ ಎಣ್ಣೆಯನ್ನು ಒಣಗಿದ್ದು ಅಂದುಕೊಂಡ ಎಣ್ಣೆ ಸಾಹೇಬರ ಹೆಂಡತಿ. ಗುಬ್ಬಿಗೆ ಈ ಸುದ್ದಿ ಗೊತ್ತಾದರೆ ಇನ್ನು ಹತ್ತು ವರ್ಷ ಮದುವೆ ಮನೆಗಳಲ್ಲಿ ಇದೇ ಮಾತು.

ಸಂಘದ ಕಾರ್ಯದರ್ಶಿ ಲಕ್ಷ್ಮೀನರಸಿಂಹಯ್ಯನವರು ಬಂದರು. ಹಾಲಿಗೆ ಹೊಸದಾಗಿ ಸುಣ್ಣಬಣ್ಣ ಮಾಡಿಸಿ ಯುಗಾದಿಗೆ ಪೂಜೆ ಮಾಡಿದ್ದರು, ಅದರ ಗೋಡೆಗಳನ್ನು ಮಗುವಿನ ಕೆನ್ನೆಯ ಹಾಗೆ ಕಾಯುತ್ತಿದ್ದರು. ಇವನ್ನು ತೂಗುಹಾಕಿದರೆ ಗೋಡೆ ಏನಾಗಬಹುದೆಂದು ನೋಡಿ, ಎರಡು ತಿಂಗಳು ಮುಂದಕ್ಕೆ ಹಾಕೋಣ ಎಂದು ಸೌಜನ್ಯದಿಂದಲೇ ಸೂಚಿಸಿದರು.

"ಮುಂದಕ್ಕೆ ಹಾಕಿದ್ರೆ ನಮ್ಮೆಜಮಾನ್ರು ಇನ್ನೊಂದ್ಸಲ ಬರಲ್ಲ ಸರ್," ಅಂದರು ರಹಿಮಾ ಬೀ. ಆ ಧ್ವನಿ ಕೇಳಿ ಲಕ್ಷ್ಮೀನರಸಿಂಹಯ್ಯನವರು ಗೋಡೆಯ ಮಾತನ್ನು ಮತ್ತೆ ಎತ್ತಲಿಲ್ಲ.

ರಹಿಮಾ ಬೀ ಹಾಲಿನೊಳಗೆ ಹೋದರು. ಒಳಗೆ ಮೂಲೆಯಲ್ಲಿ ಮದುವೆ, ನಾಮಕರಣಗಳಿಗೆ ಇಟ್ಟಿದ್ದ ಊಟದ ಉದ್ದ ಟೇಬಲ್ಲುಗಳು ಮಡಚಿ ನಿಂತಿದ್ದವು. ಜಾರುವ ಪದಾರ್ಥವನ್ನು ಏನು ಮಾಡಬೇಕೆಂದು ಎಣ್ಣೆ ಮನೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಅದನ್ನು ನಿಲ್ಲಿಸಬಾರದು, ಮಲಗಿಸಬೇಕು. ಟೇಬಲ್ ಬಿಡಿಸಿ, ಊಟಕ್ಕೆ ಹಾಸುವ ಬಿಳಿ ಪೇಪರ್ ಹಾಸಿ, ಚಿತ್ರಗಳನ್ನು ಎಲೆ ಹಾಕಿದ ಹಾಗೆ ಸಾಲಾಗಿ ಇಡೋಣ ಅಂದರು. ನಿಶಾತ್ ಆಗಲೇ ಟೇಬಲ್ಲಿನ ಕಾಲು ಬಿಡಿಸುತ್ತಿದ್ದಳು.

ಆಮೇಲೆ ಒಂದು ಅನುಕೂಲ ಕಂಡಿತು. ಒಣಗಿದ್ದರೆ ಕೆಟ್ಟದ್ದು ಕೆಟ್ಟ ಹಾಗೇ ಇರುತ್ತಿತ್ತು. ಇದು ಹಸಿ, ಹೇಗೆ ಬೇಕಾದರೂ ತಿದ್ದಬಹುದು. ರಹಿಮಾ ಬೀ ತೋಳು ಮಡಚಿಕೊಂಡು ನಿಂತರು. ತೆಂಗಿನ ಮರಗಳನ್ನು ಎತ್ತಿ ಬುಡಕ್ಕೆ ನಿಲ್ಲಿಸಿದರು. ಹುಣಸೆಮರವನ್ನು ರಸ್ತೆಯಿಂದ ತೆಗೆದರು. ಕಡಬದ ಕೆರೆಯ ನೀರನ್ನು ಕೌಸಲ್ಯಮ್ಮನ ಬಣ್ಣದ ಚಾಕುವಿನ ಅಂಚಲ್ಲಿ ಗದ್ದೆಯಿಂದ ಬಾಚಿ ಏರಿಯೊಳಗೆ ತುಂಬಿಸಿದರು. ನೀರು ನಿಜವಾಗಿ ಹರಿದು ಬಂದು ತುಂಬಿದ ಹಾಗಿತ್ತು, ಮೊದಲಿಗಿಂತ ಚೆನ್ನಾಗಿಯೇ ಬಂತು. ಅವಮಾನ ಎಲ್ಲಿ ಹೋಯಿತೋ, ಅವರು ಹಾಡು ಗುನುಗುತ್ತಾ ಕೆಲಸ ಮಾಡುತ್ತಿದ್ದರು ಎಂದು ನಿಶಾತ್ ಹೇಳುತ್ತಾಳೆ. ಮೈಗೆಲ್ಲ ಬಣ್ಣ, ಹಾಲಿಗೆಲ್ಲ ಕೊಬ್ಬರಿಯ ಘಮ.

ಮೂರು ಗಂಟೆಗೆ ಜನ ಬರಲು ಶುರು ಮಾಡಿದರು. ಗೋಡೆ ನೋಡಿ ಬರಿದಾಗಿದೆಯಲ್ಲ ಎಂದು ಗಾಬರಿಯಾಗಿ, ಆಮೇಲೆ ಟೇಬಲ್ಲುಗಳ ಸುತ್ತ ಸೇರಿದರು. ಎಲ್ಲರೂ ಬಗ್ಗಿ ನೋಡಬೇಕು. ಬಗ್ಗಿ ನೋಡಿದವರು ಬೇಗ ಏಳಲಿಲ್ಲ. ಏರಿಯ ಮೇಲೆ ನಿಂತು ಕೆರೆ ನೋಡುವುದೂ ಹೀಗೇ ಅಲ್ಲವೇ ಎಂದು ಯಾರೋ ಅಂದರು. ಗುಬ್ಬಿಯಿಂದ ಬಂದಿದ್ದ ನೆಂಟರು, ಬಡಾವಣೆಯ ರಿಟೈರ್ಡ್ ಮೇಷ್ಟ್ರುಗಳು, ಕಾಲೇಜು ಹುಡುಗಿಯರು ಒಂದೇ ಪಂಕ್ತಿಯಲ್ಲಿ ನಿಂತು ಮುಂದಕ್ಕೆ ಸರಿಯುತ್ತಿದ್ದರು. ಮುಟ್ಟಬೇಡಿ ಎಂದು ಲಕ್ಷ್ಮೀನರಸಿಂಹಯ್ಯನವರು ಬಡಿಸುವವರ ಉಸ್ತುವಾರಿ ಮಾಡುವ ಹಾಗೆ ಓಡಾಡುತ್ತಿದ್ದರು. ಹಿಂದೆಂದೂ ನೋಡದ ಜನ ತನ್ನ ಕೆಲಸವನ್ನು ನೋಡುವುದು ಎಂಥ ಸಂತೋಷ ಎಂದು ರಹಿಮಾ ಬೀಗೆ ಅವತ್ತೇ ತಿಳಿದದ್ದು. ಆದರೂ ಕಣ್ಣು ಬಾಗಿಲ ಕಡೆಗೇ ಇತ್ತು.

ನಾಲ್ಕು ದಾಟಿದ ಮೇಲೆ ಅಫ್ತಾಬ್ ತಂದೆಯನ್ನು ಕರೆತಂದ. ಬಿಳಿ ಜುಬ್ಬಾ, ಅತ್ತರು, ಮದುವೆಗೆ ಬಂದ ಹಾಗೆ. ಸಾಹೇಬರು ಒಂದೊಂದು ಟೇಬಲ್ಲಿಗೂ ಗಂಭೀರವಾಗಿ ತಲೆದೂಗುತ್ತಾ ಕೆರೆಯ ಹತ್ತಿರ ಬಂದರು. ಅಲ್ಲಿ ಜನ ಹೆಚ್ಚಿತ್ತು. ಕಾಲೇಜು ಹುಡುಗಿಯೊಬ್ಬಳು ಗೆಳತಿಗೆ, ಈ ನೀಲಿ ನೋಡೇ ಅಂದಳು. ಹಿಂದಿದ್ದ ವಯಸ್ಸಾದ ಮೇಷ್ಟ್ರು, ಎಂಥ ನೀಲಿ ಅಂದರು. ಸಾಹೇಬರು ಅವರ ಮುಖ ನೋಡಿದರು, ಚಿತ್ರ ನೋಡಿದರು. ಕನ್ನಡಕ ತೆಗೆದು ಜುಬ್ಬಾದಿಂದ ಒರೆಸಿ ಹಾಕಿಕೊಂಡರು. ಆಮೇಲೆ ಲಕ್ಷ್ಮೀನರಸಿಂಹಯ್ಯನವರನ್ನು ಪಕ್ಕಕ್ಕೆ ಕರೆದು, ಸಣ್ಣ ಧ್ವನಿಯಲ್ಲಿ, ಸ್ವಾಮಿ ಇದು ಯಾವ ಬಣ್ಣ ಎಂದು ಕೇಳಿದರು. ನೀಲಿ ಎಂದು ಅವರು ಹೇಳಿದರು. ಮಣ್ಣಿನ ಬಣ್ಣ ಅಲ್ಲ ತಾನೇ? ಅಲ್ಲ ಸಾಹೇಬ್ರೆ, ನೀಲಿ.

ಸಾಹೇಬರು ಮತ್ತೆ ಟೇಬಲ್ಲಿನ ಹತ್ತಿರ ಬಂದು, ಮುಟ್ಟಬೇಡಿ ಎನ್ನುವಷ್ಟರಲ್ಲಿ ಬೆರಳನ್ನು ಕೆರೆಗೆ ಅದ್ದಿದರು. ಆ ಬೆರಳನ್ನು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗಿ, ಕಣ್ಣಿಗೆ ತೀರಾ ಹತ್ತಿರ ತಂದು ನೋಡಿದರು. ಎಷ್ಟೋ ಹೊತ್ತು ನೋಡಿದರು. ರಹಿಮಾ ಬೀ ಅವರ ಹಿಂದೆ ಹೋಗಿ ನಿಂತರು. ಗೆದ್ದೆ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ. ಹೇಳಬೇಕೆಂದು ಇಷ್ಟು ತಿಂಗಳು ಕೂಡಿಟ್ಟ ಚುಚ್ಚುಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ, ಗಂಡನ ಮೇಲೆ ಪ್ರೀತಿ ಮಾತ್ರ ಉಕ್ಕಿ ಬಂತು.

"ಎಲ್ಲರಿಗೂ ಕಾಣ್ತಿದೆ," ಅಂದರು ಸಾಹೇಬರು, ತಿರುಗದೆ. "ನಂಗೊಬ್ಬನಿಗೇ ಇಲ್ಲ."

ಬೆರಳನ್ನು ಕೆಳಗಿಳಿಸಿ, "ಟೈಮ್ ಇಲ್ದೇ ಅಲ್ಲ ಕಣೇ. ಹೆದರಿಕೆ. ಅಣ್ಣನ ಕಣ್ಣು ನೆನಪಾದ್ರೆ ಕೈಕಾಲು ತಣ್ಣಗಾಗುತ್ತೆ" ಅಂದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಹೆದರಿಕೆ ಅನ್ನುವ ಮಾತು ಬಂದದ್ದು ಅದೇ ಮೊದಲು.

"ಗೊತ್ತು ನಂಗೆ," ಅಂದರು ರಹಿಮಾ ಬೀ. "ನಾಳೆ ಹೋಗೋಣ. ಬಾಗಿಲ ತನಕ ನಿಮ್ಮ ಜೊತೇಲೇ ಇರ್ತೀನಿ, ಆಚೆ ಬಂದಾಗ ಅಲ್ಲೇ ನಿಂತಿರ್ತೀನಿ."

ಮರುದಿನ ಹೋದದ್ದೂ ನಿಜ, ಆ ವಾರವೇ ಒಂದು ಕಣ್ಣಿಗೆ ಆಪರೇಷನ್ ಆದದ್ದೂ ನಿಜ, ಚೆನ್ನಾಗಿಯೇ ಆಯಿತು. ಪಟ್ಟಿ ತೆಗೆದ ದಿನ ಸಾಹೇಬರು ಆಸ್ಪತ್ರೆಯ ಪ್ರತಿ ಪರದೆಯ ಬಣ್ಣವನ್ನೂ ಜೋರಾಗಿ ಹೇಳುತ್ತಾ ಹೋಗಿ ನರ್ಸುಗಳಿಂದ ಬೈಸಿಕೊಂಡರು. ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ಆ ಕಿಟಕಿಯ ಹತ್ತಿರ, ಗುಬ್ಬಿಯ ನೆಂಟರೆಲ್ಲ ನೋಡುತ್ತಿರುವಾಗ, ರಹಿಮಾ ಬೀ ಮದುವೆಯಾದಾಗಿನಿಂದ ನಾಲ್ಕು ಜನರ ಎದುರು ಮಾಡದ ಕೆಲಸ ಮಾಡಿದರು. ಗಂಡನ ಬಣ್ಣ ಹತ್ತಿದ ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

ಸಾಹೇಬರು ಮುಜುಗರದಿಂದ ಸುತ್ತ ನೋಡಿದರು. "ಬುಡೇ, ನಿನ್ ಕೈಗೂ ಹತ್ತುತ್ತೆ. ಇದು ಒಣಗೋದು ಯಾವಾಗ?"

"ಒಣಗಲ್ವಂತೆ," ಅಂದ ರಹಿಮಾ ಬೀ ಕೈ ಬಿಡಲಿಲ್ಲ.